ಪುರಂದರದಾಸರ 1964ರ ಅಂಚೆಚೀಟಿ: ಹುಡುಕುವುದು, ಪರೀಕ್ಷಿಸುವುದು, ಜೋಪಾನ ಮಾಡುವುದು – ಸಮಗ್ರ ಮಾರ್ಗದರ್ಶಿ

1964ರ ಜನವರಿ 14ರಂದು ನಮ್ಮ ಅಂಚೆ ಇಲಾಖೆ ಪುರಂದರದಾಸರ ನೆನಪಿಗೆ ಒಂದು ಸ್ಟ್ಯಾಂಪ್ ತಂದಿತು. ಬೆಲೆ 15 ನಯಾಪೈಸೆ. ಬಣ್ಣ ಹೊನ್ನಿನ ಛಾಯೆಯ ಕಂದು. ತಂಬೂರಿ ಹಿಡಿದ ದಾಸರ ಚಿತ್ರ. ದಾಸರು ತೀರಿಕೊಂಡದ್ದು 1564ರಲ್ಲಿ, ಅಂದರೆ ಅದು 400ನೇ ವರ್ಷದ ನೆನಪು. ಚೀಟಿ ಬಿಡುಗಡೆಯಾದ ಆ ದಿನ ಅಮಾವಾಸ್ಯೆ ಇತ್ತು. ದಾಸರ ಆರಾಧನೆಯನ್ನು ನಾವು ಮಾಡುವುದೂ ಪುಷ್ಯ ಮಾಸದ ಅಮಾವಾಸ್ಯೆಗೇ ಅಲ್ವಾ?

ಇದು ಅಪರೂಪದ ಚೀಟಿ ಅಲ್ಲ, ದುಬಾರಿಯೂ ಅಲ್ಲ. ಹೊಸದಾಗಿ ಸಂಗ್ರಹ ಶುರು ಮಾಡುವ ಕನ್ನಡಿಗರಿಗೆ ನಾನು ಮೊದಲು ಇದನ್ನೇ ಹೇಳುವುದು ಅದೇ ಕಾರಣಕ್ಕೆ. ಅಂಗಡಿಯಲ್ಲಿ ನೂರು ಚೀಟಿಯ ಪ್ಯಾಕೆಟ್ ಕೊಂಡು ಆಲ್ಬಮ್ ತುಂಬಿಸಿದರೆ ಕೈಗೆ ಬರುವುದು ಬಣ್ಣದ ಕಾಗದ ಅಷ್ಟೇ. ಒಂದೇ ಚೀಟಿಯನ್ನು ಹಿಡಿದು ಕಾಗದ, ಮುದ್ರಣ, ಠಸ್ಸೆ, ಅದು ಓಡಾಡಿದ ದಾರಿ ಎಲ್ಲವನ್ನೂ ಕಲಿತರೆ, ಮುಂದೆ ಯಾವ ಚೀಟಿ ಸಿಕ್ಕರೂ ಅದನ್ನು ಓದುವುದು ನಿಮಗೆ ಬರುತ್ತದೆ. ಇಲ್ಲಿ ಹೇಳಿರುವ ಕ್ರಮ ಪುರಂದರದಾಸರ ಚೀಟಿಗೆ ಸರಿಯಾಗಿ ಹೊಂದುತ್ತದೆ. ತ್ಯಾಗರಾಜ, ದೀಕ್ಷಿತ, ಶ್ಯಾಮಾ ಶಾಸ್ತ್ರಿಗಳ ಚೀಟಿಗೂ ಇದೇ ದಾರಿ.

ಹೆಜ್ಜೆ 1: ಯಾವ ರೂಪದಲ್ಲಿ ಬೇಕು ಅಂತ ಮೊದಲು ನಿರ್ಧರಿಸಿ

ಒಂದೇ ಚೀಟಿ ಐದು ರೂಪದಲ್ಲಿ ಸಿಗುತ್ತದೆ.

ಮಿಂಟ್ ಅಂದರೆ ಬಳಸದೆ ಉಳಿದ ಚೀಟಿ, ಹಿಂದೆ ಅಂಟು ಹಾಗೇ ಇರುತ್ತದೆ. ಯೂಸ್ಡ್ ಅಂದರೆ ಠಸ್ಸೆ ಬಿದ್ದ ಚೀಟಿ, ಲಕೋಟೆಯಿಂದ ಬಿಡಿಸಿದ್ದು. ಬ್ಲಾಕ್ ಅಂದರೆ ಶೀಟಿನಿಂದ ಒಟ್ಟಿಗೆ ಹರಿದ ನಾಲ್ಕು ಚೀಟಿ. ಎಫ್‌ಡಿಸಿ, ಅಂದರೆ ಮೊದಲ ದಿನದ ಕವರ್, ಚೀಟಿ ಬಿಡುಗಡೆಯಾದ ದಿನದ ಮುದ್ರೆ ಇರುವ ಲಕೋಟೆ. ಕೊನೆಯದು, ಯಾರೋ ಯಾರಿಗೋ ನಿಜವಾಗಿ ಬರೆದು, ಈ ಚೀಟಿ ಅಂಟಿಸಿ ಕಳಿಸಿದ ಲಕೋಟೆ.

ಹೆಚ್ಚಿನವರು ಮಿಂಟ್ ಮತ್ತು ಎಫ್‌ಡಿಸಿ ಹಿಂದೆ ಹೋಗುತ್ತಾರೆ, ನೋಡಲು ಚೆಂದ ಅಂತ. ನನ್ನ ಅಭಿಪ್ರಾಯ ಬೇರೆ. ಒಂದು ಮಿಂಟ್ ಇಟ್ಟುಕೊಳ್ಳಿ, ಚಿತ್ರ ಸ್ವಚ್ಛವಾಗಿ ಕಾಣಬೇಕಲ್ಲ. ಆದರೆ ಹುಡುಕಾಟದ ಶ್ರಮವನ್ನೆಲ್ಲ ಕೊನೆಯ ರೂಪಕ್ಕೆ ಹಾಕಿ. ಕಾಗದ ಹೊತ್ತು ಊರಿಂದ ಊರಿಗೆ ಹೋಗಲೆಂದೇ ಹುಟ್ಟಿದ್ದು ಅಂಚೆಚೀಟಿ. ದಾಸರು ಊರೂರು ಅಲೆದು ಹಾಡಿದವರು. ಅವರ ಚೀಟಿ ಹೊತ್ತು ಹೊಸಪೇಟೆಯಿಂದಲೋ ತೀರ್ಥಹಳ್ಳಿಯಿಂದಲೋ ಹೊರಟ ಕಾಗದವೊಂದು ಸಿಕ್ಕರೆ ಅದರ ಮುಂದೆ ಹತ್ತು ಮಿಂಟ್ ಚೀಟಿ ಲೆಕ್ಕಕ್ಕಿಲ್ಲ.

ಹೆಜ್ಜೆ 2: ಎಲ್ಲಿ ಹುಡುಕಬೇಕು

ಮೊದಲು ಒಂದು ವಿಷಯ ತಿಳಿದಿರಲಿ. ಅಂಚೆ ಕಚೇರಿಯಲ್ಲಿ ಇದು ಸಿಗುವುದಿಲ್ಲ. ಬೆಂಗಳೂರಿನ ಜಿಪಿಓದಲ್ಲಿರುವ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಬ್ಯೂರೋ, ದೊಡ್ಡ ಊರುಗಳ ಪ್ರಧಾನ ಅಂಚೆ ಕಚೇರಿಗಳಲ್ಲಿರುವ ಫಿಲಾಟೆಲಿ ಕೌಂಟರ್, ಇವೆಲ್ಲ ಈಚಿನ ಚೀಟಿಗಳಿಗೆ. 1964ರ ಚೀಟಿಗೆ ಮೂರು ದಾರಿ ಇವೆ.

ಒಂದು, ಮನೆ. ನಿಮ್ಮದೇ ಮನೆಯ ಅಟ್ಟ, ಅಜ್ಜನ ಟ್ರಂಕು, ನೆಂಟರ ಮನೆಯ ಹಳೇ ಕಾಗದದ ಕಟ್ಟು. ನಮ್ಮ ಮನೆಗಳಲ್ಲಿ ಬಂದ ಕಾಗದವನ್ನೆಲ್ಲ ಕೊಕ್ಕೆ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕುವ ರೂಢಿ ಇತ್ತು. ಅಂಥ ತಂತಿಯೊಂದು ಸಿಕ್ಕರೆ ನಿಮ್ಮ ಅದೃಷ್ಟ. ಕಾಗದಗಳನ್ನು ಎಳೆಯಬೇಡಿ, ಹರಿಯುತ್ತವೆ. ತಂತಿಯ ಬುಡ ಬಿಡಿಸಿ ಕೆಳಗಿನಿಂದ ಒಂದೊಂದಾಗಿ ಜಾರಿಸಿ. ತಂತಿಯ ತೂತು ಲಕೋಟೆಯ ನಡುವೆ ಬಿದ್ದಿರುತ್ತದೆ. ಬಲ ಮೂಲೆಯ ಚೀಟಿ ಸಾಮಾನ್ಯವಾಗಿ ಪಾರಾಗಿರುತ್ತದೆ. ತೂತು ಇದೆ ಅಂತ ಲಕೋಟೆ ಎಸೆಯಬೇಡಿ. ಅದು ಆ ಕಾಗದವನ್ನು ಯಾರೋ ಓದಿ, ಬೇಕೆಂದು ಇಟ್ಟುಕೊಂಡದ್ದರ ಗುರುತು.

ಹುಡುಕುವಾಗ ಪೋಸ್ಟ್‌ಕಾರ್ಡ್ ಮತ್ತು ಇನ್‌ಲ್ಯಾಂಡ್ ಲೆಟರ್ ಕಟ್ಟುಗಳ ಮೇಲೆ ಜಾಸ್ತಿ ಹೊತ್ತು ಕಳೆಯಬೇಡಿ. ಅವುಗಳಲ್ಲಿ ಚೀಟಿ ಮೊದಲೇ ಅಚ್ಚಾಗಿರುತ್ತಿತ್ತು, ಬೇರೆ ಅಂಟಿಸುವ ಅಗತ್ಯ ಕಡಿಮೆ. ಮುಚ್ಚಿದ ಲಕೋಟೆ, ರಿಜಿಸ್ಟರ್ಡ್ ಕವರ್, ವಿದೇಶಕ್ಕೆ ಹೋದ ಕಾಗದ, ಇವನ್ನು ನೋಡಿ. ರಿಜಿಸ್ಟರ್ಡ್ ಕವರ್‌ನಲ್ಲಿ ಒಂದೇ ಚೀಟಿ ಮೂರು ನಾಲ್ಕು ಸಾಲಾಗಿ ಅಂಟಿರುವುದೂ ಉಂಟು. ಸಂಗೀತ ಸಭೆಗಳ, ಮಠಗಳ ಹಳೇ ಪತ್ರವ್ಯವಹಾರದಲ್ಲಿ ಇಂಥವು ಇರಬಹುದು. ಕೇಳುವ ರೀತಿಯಲ್ಲಿ ಕೇಳಿ: ಕಾಗದದ ಒಳಗಿನ ವಿಷಯ ಅವರಿಗೇ ಇರಲಿ, ಲಕೋಟೆ ಮಾತ್ರ ನೋಡುತ್ತೇನೆ ಅಂತ ಹೇಳಿ.

ಎರಡು, ಸಂಗ್ರಾಹಕರ ಬಳಗ. ಕರ್ನಾಟಕ ಫಿಲಾಟೆಲಿಕ್ ಸೊಸೈಟಿ ಬೆಂಗಳೂರಿನಲ್ಲಿದೆ. ಅಂಚೆ ಇಲಾಖೆಯ ಕರ್ನಾಟಕ ವೃತ್ತ ನಡೆಸುವ ಕರ್ನಾಪೆಕ್ಸ್ ಪ್ರದರ್ಶನದಲ್ಲಿ ವ್ಯಾಪಾರಿಗಳ ಮಳಿಗೆಗಳೂ ಇರುತ್ತವೆ. ಹಿರಿಯ ಸಂಗ್ರಾಹಕರ ಹತ್ತಿರ ಹೆಚ್ಚುವರಿ ಪ್ರತಿಗಳು ಇದ್ದೇ ಇರುತ್ತವೆ. ವಿನಿಮಯಕ್ಕೆ ಕೊಡುತ್ತಾರೆ.

ಮೂರು, ಆನ್‌ಲೈನ್ ಹರಾಜು ಮತ್ತು ಫೇಸ್‌ಬುಕ್ ಗುಂಪುಗಳು. ಇಲ್ಲಿ ಹುಡುಕುವಾಗ ಇಂಗ್ಲಿಷಿನಲ್ಲಿ ದಾಸರ ಹೆಸರನ್ನು ಒಂದೇ ಪದವಾಗಿಯೂ ಎರಡು ಪದವಾಗಿಯೂ ಕೊಟ್ಟು ನೋಡಿ. ಬರೀ 1964 ಅಂತ ಹುಡುಕಿದರೂ ಒಳ್ಳೆಯದೇ. ಹೆಸರು ಗೊತ್ತಿಲ್ಲದೆ ‘ಸಂತ, 15 ನಯಾಪೈಸೆ’ ಅಂತ ಬರೆದು ಮಾರುವವರೂ ಇದ್ದಾರೆ.

ಹೆಜ್ಜೆ 3: ಸಲಕರಣೆ

ಜಾಸ್ತಿ ಏನೂ ಬೇಡ. ತುದಿ ಚಪ್ಪಟೆಯಾಗಿ ನುಣುಪಾಗಿರುವ ಸ್ಟ್ಯಾಂಪ್ ಇಕ್ಕಳ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಚೀಟಿಯ ಅಂಚಿನ ಹಲ್ಲು ಅಳೆಯುವ ಪರ್ಫೊರೇಶನ್ ಗೇಜ್, ಕಪ್ಪು ಹಾಳೆಯ ಸ್ಟಾಕ್ ಬುಕ್, ಲಕೋಟೆಗಳಿಗೆ ಪಾರದರ್ಶಕ ಪೌಚ್. ಹುಬ್ಬು ಕೀಳುವ ಚೂಪು ಟ್ವೀಝರ್ ಬಳಸಬೇಡಿ, ಹಲ್ಲು ಮುರಿಯುತ್ತದೆ. ಕೈಬೆರಳಿನ ಬೆವರು ಮತ್ತು ಎಣ್ಣೆ ಅಂಟಿನ ಮೇಲೆ ಕಲೆ ಮಾಡುತ್ತದೆ. ಹಾಗಾಗಿ ಮಿಂಟ್ ಚೀಟಿಯನ್ನು ಇಕ್ಕಳದಲ್ಲೇ ಹಿಡಿಯಿರಿ.

ಹೆಜ್ಜೆ 4: ಚೀಟಿಯನ್ನು ಲೆನ್ಸಿನ ಕೆಳಗೆ ಇಡಿ

ಕಿಟಕಿಯ ಬೆಳಕು ಓರೆಯಾಗಿ ಬೀಳುವ ಕಡೆ ಕೂತುಕೊಳ್ಳಿ. ಮೊದಲು ಬರೀ ಕಣ್ಣಲ್ಲಿ ನೋಡಿ. ಚಿತ್ರ ನಾಲ್ಕೂ ಕಡೆ ಸಮನಾಗಿ ಕೂತಿದೆಯಾ, ಒಂದು ಕಡೆಯ ಬಿಳಿ ಅಂಚು ತೀರಾ ಕಿರಿದಾಗಿದೆಯಾ? ಹಲ್ಲುಗಳೆಲ್ಲ ಇವೆಯಾ? ಮೂಲೆಯ ಹಲ್ಲು ಮೊಂಡಾಗಿದ್ದರೆ ಬೆಲೆ ಇಳಿಯುತ್ತದೆ.

ಆಮೇಲೆ ಲೆನ್ಸ್ ಹಿಡಿದು ದಾಸರ ಮುಖದ ಹತ್ತಿರ ಹೋಗಿ. ಆ ಕಾಲದ ನಮ್ಮ ಸ್ಮರಣಾರ್ಥ ಚೀಟಿಗಳು ನಾಶಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿನಲ್ಲಿ ಫೋಟೋಗ್ರಾವ್ಯೂರ್ ವಿಧಾನದಲ್ಲಿ ಅಚ್ಚಾದವು. ಭಾರತದ ಚೀಟಿಗಳಲ್ಲಿ ಈ ವಿಧಾನ ಶುರುವಾದದ್ದು 1952ರ ಅಕ್ಟೋಬರ್ 1ರ ಸಂತ-ಕವಿಗಳ ಸರಣಿಯಿಂದ. ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್, ಟ್ಯಾಗೋರ್ ಅದರಲ್ಲಿದ್ದರು. ಈ ವಿಧಾನದಲ್ಲಿ ಇಡೀ ಚಿತ್ರ ಸಣ್ಣ ಸಣ್ಣ ಕುಳಿಗಳಿಂದ ಮೂಡುತ್ತದೆ. ಆಳದ ಕುಳಿಯಲ್ಲಿ ಶಾಯಿ ಜಾಸ್ತಿ, ಬಣ್ಣ ಗಾಢ. ಆಳವಿಲ್ಲದ ಕುಳಿಯಲ್ಲಿ ಶಾಯಿ ಕಮ್ಮಿ, ಬಣ್ಣ ತೆಳು. ಹಾಗಾಗಿ ಲೆನ್ಸಿನಲ್ಲಿ ಕಾಣುವುದು ಒಂದೇ ಕಂದು ಬಣ್ಣದ ನುಣ್ಣನೆಯ ಬಲೆ. ಅಕ್ಷರಗಳ ಅಂಚು ಸಹ ನೇರ ಗೆರೆಯಾಗಿ ಇರದೆ ಸಣ್ಣ ಗರಗಸದ ಹಾಗೆ ಕಾಣುತ್ತದೆ.

ಇದು ತಿಳಿದಿದ್ದರೆ ನಕಲಿಯನ್ನು ಹಿಡಿಯುವುದು ಸುಲಭ. ಕಂದು ಬಣ್ಣದ ಒಳಗೆ ಹಳದಿ, ಕೆಂಪು, ನೀಲಿ ಚುಕ್ಕಿಗಳು ಬೆರೆತಿದ್ದರೆ ಅದು ಈಚಿನ ಪ್ರಿಂಟರಿನ ಕೆಲಸ. ಈ ಚೀಟಿಯ ನಕಲಿ ಮಾಡಿ ಲಾಭ ಗಳಿಸುವಷ್ಟು ಅದರ ಬೆಲೆ ಇಲ್ಲ, ನಿಜ. ಆದರೆ ಕಲಿಯಲು ಇದೇ ಒಳ್ಳೆಯ ಚೀಟಿ. ಮುಂದೊಂದು ದಿನ ದುಬಾರಿ ಚೀಟಿ ಕೊಳ್ಳುವಾಗ ಈ ಕಣ್ಣು ನಿಮ್ಮನ್ನು ಕಾಯುತ್ತದೆ.

ಈಗ ಬೆಲೆಯ ಮೂಲೆಗೆ ಬನ್ನಿ. ಅಲ್ಲಿ ‘ನಯಾಪೈಸೆ’ ಇದೆ. ನಮ್ಮಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಹಳೇ ಪೈಸೆಯಿಂದ ಬೇರೆ ಅಂತ ಗೊತ್ತಾಗಲು ‘ನಯಾ’ ಸೇರಿಸಿದರು. 1964ರ ಜೂನ್ 1ರಿಂದ ಆ ‘ನಯಾ’ ಬಿಟ್ಟುಹೋಯಿತು. ದಾಸರ ಚೀಟಿ ಬಂದದ್ದು ಜನವರಿಯಲ್ಲಿ, ನೆಹರೂ ನಿಧನದ ನಂತರ ಅವರ ನೆನಪಿನ ಚೀಟಿ ಬಂದದ್ದು ಅದೇ ವರ್ಷ ಜೂನ್ 12ಕ್ಕೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡಕ್ಕೂ 15ರ ಬೆಲೆಯೇ. ನಯಾಪೈಸೆ ಪೈಸೆಯಾದ ಬದಲಾವಣೆ ಆ ಎರಡು ಚೀಟಿಗಳ ನಡುವೆ ಕೂತಿದೆ.

ಚೀಟಿಯನ್ನು ತಿರುಗಿಸಿ. ಹಿಂಭಾಗದ ಅಂಟು ಒಂದೇ ಸಮನಾಗಿರಬೇಕು. ನಡುವೆ ಚೌಕಾಕಾರದ ಮಾಸಲು ಗುರುತು ಇದ್ದರೆ ಹಿಂದೆ ಯಾರೋ ಹಿಂಜ್ (ಚೀಟಿಯನ್ನು ಹಾಳೆಗೆ ಹಿಡಿಸುವ ಪುಟ್ಟ ಅಂಟುಕಾಗದ) ಅಂಟಿಸಿ ಆಲ್ಬಮ್ಮಿನಲ್ಲಿ ಇಟ್ಟಿದ್ದರು ಅಂತ ಅರ್ಥ. ಹಿಂಜ್ ಗುರುತೇ ಇಲ್ಲದ ಚೀಟಿಗೆ ಬೆಲೆ ಜಾಸ್ತಿ. ಅಂಟು ಹಲ್ಲಿನ ತೂತುಗಳ ಒಳಗೆ ಇಳಿದು ಗಟ್ಟಿಯಾಗಿದ್ದರೆ ಅನುಮಾನ ಪಡಿ. ಶೀಟಿಗೆ ಮೊದಲು ಅಂಟು ಹಚ್ಚಿ ಆಮೇಲೆ ತೂತು ಹಾಕುವುದು ಕ್ರಮ. ತೂತಿನಲ್ಲಿ ಅಂಟು ಸೇರಿಕೊಂಡಿದ್ದರೆ ಯಾರೋ ಬಳಸಿದ ಚೀಟಿಗೆ ಹೊಸದಾಗಿ ಅಂಟು ಬಳಿದಿರಬಹುದು. ಕಂದು ಚುಕ್ಕೆ ಇದ್ದರೆ ಅದು ಶಿಲೀಂಧ್ರ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ನೀರುಗುರುತು (ವಾಟರ್‌ಮಾರ್ಕ್, ಕಾಗದದ ಒಳಗೇ ಮೂಡಿರುವ ಗುರುತು) ನೋಡಲು ಚೀಟಿಯನ್ನು ಕಪ್ಪು ಹಾಳೆಯ ಮೇಲೆ ಬೋರಲಾಗಿಟ್ಟು ಓರೆ ಬೆಳಕಿನಲ್ಲಿ ನೋಡಿ. ಆ ಕಾಲದ ಹಲವು ಭಾರತೀಯ ಚೀಟಿಗಳ ಕಾಗದದಲ್ಲಿ ಅಶೋಕ ಸ್ತಂಭದ ಸಿಂಹಮುದ್ರೆ ನೀರುಗುರುತಾಗಿ ಸಾಲು ಸಾಲಾಗಿರುತ್ತದೆ. ಲೈಟರ್ ದ್ರವ ಅಥವಾ ಪೆಟ್ರೋಲಿನಂಥದ್ದರಲ್ಲಿ ಅದ್ದಿ ನೋಡುವ ಪದ್ಧತಿಯೂ ಇದೆ. ಫೋಟೋಗ್ರಾವ್ಯೂರ್ ಶಾಯಿ ಅದರಲ್ಲಿ ಕೆಡಬಹುದು, ಬೆಂಕಿಯ ಭಯ ಬೇರೆ. ಹೊಸಬರು ಅದಕ್ಕೆ ಕೈಹಾಕಬೇಡಿ.

ಹಲ್ಲಿನ ಅಳತೆ ಅಂದರೆ 2 ಸೆಂಟಿಮೀಟರಿನಲ್ಲಿ ಎಷ್ಟು ತೂತು ಇವೆ ಎನ್ನುವ ಲೆಕ್ಕ. ಗೇಜಿನ ಮೇಲೆ ಚೀಟಿ ಇಟ್ಟು, ಗೇಜಿನ ಚುಕ್ಕಿಗಳು ತೂತುಗಳಿಗೆ ಸರಿಯಾಗಿ ಕೂರುವವರೆಗೆ ಸರಿಸಿ. ಮೇಲಿನದನ್ನೂ ಪಕ್ಕದ್ದನ್ನೂ ಬೇರೆ ಬೇರೆ ಬರೆದುಕೊಂಡು ಕ್ಯಾಟಲಾಗಿನ ಜೊತೆ ಹೋಲಿಸಿ.

ಹೆಜ್ಜೆ 5: ಠಸ್ಸೆ ಓದುವುದು

ಲಕೋಟೆ ಸಿಕ್ಕಿತು ಅಂದುಕೊಳ್ಳಿ. ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ ಇದು. ನಿಧಾನವಾಗಿ ಮಾಡಿ.

ಮೊದಲು ಚೀಟಿಯ ಮೇಲೆ ಬಿದ್ದ ಮುದ್ರೆ. ಊರ ಹೆಸರು ಸಾಮಾನ್ಯವಾಗಿ ವೃತ್ತದ ಅಂಚಿನಲ್ಲಿ, ದಿನಾಂಕ ನಡುವೆ. ಮುದ್ರೆಯ ಅರ್ಧ ಚೀಟಿಯ ಮೇಲೆ, ಇನ್ನರ್ಧ ಲಕೋಟೆಯ ಮೇಲೆ ಬಿದ್ದಿರಬೇಕು. ಎರಡೂ ತುಂಡು ಒಂದೇ ಗೆರೆಯಾಗಿ ಕೂಡಿಕೊಂಡರೆ ಚೀಟಿ ಆ ಲಕೋಟೆಯ ಜೊತೆಗೇ ಪ್ರಯಾಣ ಮಾಡಿದೆ ಅಂತ ನಂಬಬಹುದು. ಮುದ್ರೆ ಚೀಟಿಯ ಅಂಚಿನಲ್ಲೇ ತಟ್ಟನೆ ನಿಂತಿದ್ದರೆ ಚೀಟಿಯನ್ನು ಆಮೇಲೆ ಅಂಟಿಸಿರುವ ಸಾಧ್ಯತೆ ಇದೆ.

ಆಮೇಲೆ ಲಕೋಟೆಯ ಹಿಂಭಾಗ. ಆಗೆಲ್ಲ ಕಾಗದ ತಲುಪಿದ ಊರಿನ ಅಂಚೆ ಕಚೇರಿಯೂ ಒಂದು ಮುದ್ರೆ ಒತ್ತುತ್ತಿತ್ತು. ಹೊರಟ ದಿನ, ತಲುಪಿದ ದಿನ ಎರಡೂ ಸಿಕ್ಕರೆ ದಾರಿ ಸಿಕ್ಕಿತು. ಎಷ್ಟು ದಿನ ಹಿಡಿಯಿತು ಎಂದೂ ಗೊತ್ತಾಯಿತು.

ಇನ್ನು ವಿಳಾಸ. ಇಲ್ಲಿ ಕಾಲದ ಗುರುತುಗಳು ಸಾಲಾಗಿ ಕೂತಿರುತ್ತವೆ. ಪಿನ್‌ಕೋಡ್ ನಮ್ಮಲ್ಲಿ ಬಂದದ್ದು 1972ರ ಆಗಸ್ಟ್ 15ಕ್ಕೆ. 1964ರ ಕಾಗದ ಅಂತ ಹೇಳಿ ಮಾರುವ ಲಕೋಟೆಯ ಮೇಲೆ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಮಾತು ಮುಗಿಯಿತು, ಅದನ್ನು ವಾಪಸ್ ಕೊಡಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. 1964ರ ವಿಳಾಸದಲ್ಲಿ ನಮ್ಮ ರಾಜ್ಯದ ಹೆಸರು ಇದ್ದರೆ ‘ಮೈಸೂರು ರಾಜ್ಯ’ ಅಂತ ಇರಬೇಕು. ಹಾಗೆ ಬರೆದಿರುವ ಲಕೋಟೆ ಸಿಕ್ಕರೆ ಹಿಗ್ಗಿ. ಚೀಟಿಯ ಮೇಲೆ ಕನ್ನಡದ ದಾಸರು, ಕೆಳಗೆ ಕನ್ನಡನಾಡಿನ ಹಳೇ ಹೆಸರು.

ಮುದ್ರೆಯ ದಿನಾಂಕ 1964ರ ಜನವರಿ 14ಕ್ಕಿಂತ ಹಿಂದಿನದಾಗಿದ್ದರೆ ಎಚ್ಚರ. ಮುಂದಿನದಾದರೆ ತೊಂದರೆ ಇಲ್ಲ. ಮನೆಯಲ್ಲಿ ಉಳಿದ ಚೀಟಿಯನ್ನು ಎಷ್ಟೋ ವರ್ಷ ಬಿಟ್ಟು ಬಳಸುವವರಿದ್ದರು, ಪಕ್ಕದಲ್ಲಿ 5 ಪೈಸೆಯದೋ 10 ಪೈಸೆಯದೋ ಇನ್ನೊಂದು ಚೀಟಿ ಸೇರಿಸಿ. ಅಂಥ ಜೋಡಿ ಚೀಟಿಯ ಲಕೋಟೆ ಅಂಚೆ ದರ ಏರಿದ ಕಥೆ ಹೇಳುತ್ತದೆ. ಅದನ್ನು ಬಿಡಬೇಡಿ.

ಯಾವ ಊರಿನ ಮುದ್ರೆ ಹುಡುಕಬೇಕು? ಹಂಪಿ, ಕಮಲಾಪುರ, ಹೊಸಪೇಟೆ ನನ್ನ ಪಟ್ಟಿಯಲ್ಲಿ ಮೊದಲು. ದಾಸರು ಕಡೆಗಾಲ ಕಳೆದದ್ದು ಹಂಪಿಯಲ್ಲಿ. ವಿಜಯ ವಿಠ್ಠಲ ದೇವಸ್ಥಾನದ ಹತ್ತಿರ, ತುಂಗಭದ್ರೆಯ ದಡದಲ್ಲಿ ಪುರಂದರ ಮಂಟಪ ಇದೆ. ಹೊಳೆ ತುಂಬಿದಾಗ ಅದು ಮುಳುಗುತ್ತದೆ. ಆಮೇಲೆ ತೀರ್ಥಹಳ್ಳಿ. ದಾಸರ ಹುಟ್ಟೂರು ಪುಣೆಯ ಹತ್ತಿರದ ಪುರಂದರಗಡ ಅಂತ ಬಹುಕಾಲ ನಂಬಿಕೆ. ತೀರ್ಥಹಳ್ಳಿಯ ಬಳಿಯ ಆರಗ ಸೀಮೆಯ ಕ್ಷೇಮಪುರ ಅಂತ ಇನ್ನೊಂದು ವಾದ. ಎರಡೂ ಕಡೆಯ ಮುದ್ರೆ ಕೂಡಿಸಿದರೆ ಆ ಚರ್ಚೆಯೇ ನಿಮ್ಮ ಸಂಗ್ರಹದ ಒಂದು ಪುಟ ಆಗುತ್ತದೆ. ಉಡುಪಿ, ತಿರುಪತಿ, ಪಂಢರಪುರದ ಮುದ್ರೆಗಳಿಗೂ ಅರ್ಥ ಇದೆ. ಮೂರೂ ಹರಿದಾಸರು ಹಾಡಿದ ಕ್ಷೇತ್ರಗಳು.

ಹೆಜ್ಜೆ 6: ಕೊಳ್ಳುವಾಗ

ಆನ್‌ಲೈನ್ ಆದರೆ ಎರಡೂ ಬದಿಯ ಫೋಟೋ ಕೇಳಿ. ಬರೀ ಮುಂಭಾಗ ತೋರಿಸುವವರ ಹತ್ತಿರ ಕೊಳ್ಳಬೇಡಿ. ಸ್ಕ್ಯಾನಿನಲ್ಲಿ ಕಂದು ಬಣ್ಣ ಒಂದೊಂದು ಯಂತ್ರದಲ್ಲಿ ಒಂದೊಂದು ಥರ ಕಾಣುತ್ತದೆ, ‘ಅಪರೂಪದ ಛಾಯೆ’ ಅನ್ನುವ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ. ‘ಅಂಚು ತಪ್ಪಿದ’, ‘ಹಲ್ಲಿಲ್ಲದ’ ಅಂತ ದೊಡ್ಡ ಬೆಲೆ ಹೇಳಿದರೆ ತಿಳಿದ ಸಂಗ್ರಾಹಕರಿಗೆ ತೋರಿಸದೆ ಮುಂದುವರಿಯಬೇಡಿ. ಸಾಮಾನ್ಯ ಮಿಂಟ್ ಪ್ರತಿಗೆ ಎರಡು ಮೂರು ಕಡೆ ಬೆಲೆ ವಿಚಾರಿಸಿದರೆ ಸಾಕು. ಒಳ್ಳೆಯ ಊರಿನ, ಸ್ಪಷ್ಟ ಮುದ್ರೆಯ ಲಕೋಟೆಗೆ ಮಾತ್ರ ಚೌಕಾಸಿ ಮಾಡುತ್ತಾ ಕೂರಬೇಡಿ. ಚೀಟಿ ಮತ್ತೆ ಸಿಗುತ್ತದೆ, ಆ ಲಕೋಟೆ ಸಿಗುವುದಿಲ್ಲ.

ಹೆಜ್ಜೆ 7: ಬಿಡಿಸುವುದು, ಬಿಡಿಸದೆ ಇರುವುದು

ಲಕೋಟೆ ಪೂರ್ತಿ ಇದ್ದು, ಮುದ್ರೆ ಓದಲು ಬರುತ್ತಿದ್ದರೆ ಚೀಟಿ ಬಿಡಿಸಲೇಬೇಡಿ. ಬಿಡಿಸಿದ ಕ್ಷಣವೇ ಅದು ಸಾವಿರಾರು ಯೂಸ್ಡ್ ಚೀಟಿಗಳಲ್ಲಿ ಒಂದಾಗುತ್ತದೆ.

ಲಕೋಟೆಯ ಮೂಲೆ ಮಾತ್ರ ಉಳಿದಿದ್ದು, ಮುದ್ರೆ ಬರೀ ಮಸಿಯಾಗಿದ್ದರೆ ಬಿಡಿಸಬಹುದು. ಚೀಟಿಯ ಸುತ್ತ ಒಂದು ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿ. ಅಗಲದ ಬಟ್ಟಲಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಚೀಟಿ ಮೇಲ್ಮುಖವಾಗಿ ತೇಲಿಬಿಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದು ತಾನಾಗಿ ಜಾರುತ್ತದೆ. ಜಾರದಿದ್ದರೆ ಇನ್ನಷ್ಟು ಹೊತ್ತು ಕಾಯಿರಿ, ಎಳೆಯಬೇಡಿ. ಬಣ್ಣದ ಲಕೋಟೆಯ ತುಂಡನ್ನು ಬೇರೆ ಬಟ್ಟಲಿನಲ್ಲೇ ಹಾಕಿ, ಇಲ್ಲದಿದ್ದರೆ ಬಣ್ಣ ಬಿಟ್ಟು ಎಲ್ಲ ಚೀಟಿಗೂ ಹತ್ತುತ್ತದೆ. ಹಿಂದಿನ ಅಂಟು ಬೆರಳಿಗೆ ಜಿಗುಟಾಗದವರೆಗೆ ಶುದ್ಧ ನೀರಿನಲ್ಲಿ ಇನ್ನೊಮ್ಮೆ ಆಡಿಸಿ. ಬಿಳಿ ಬ್ಲಾಟಿಂಗ್ ಕಾಗದದ ಮೇಲೆ ಬೋರಲು ಹಾಕಿ ಒಣಗಿಸಿ. ಪತ್ರಿಕೆಯ ಕಾಗದ ಬೇಡ, ಮಸಿ ಹತ್ತುತ್ತದೆ. ಒಣಗಿದಾಗ ಸುರುಳಿ ಸುತ್ತಿಕೊಂಡರೆ ದಪ್ಪ ಪುಸ್ತಕದಲ್ಲಿ ಒಂದು ರಾತ್ರಿ ಇಡಿ.

ಹೆಜ್ಜೆ 8: ಜೋಪಾನ

ನಮ್ಮ ಹವೆಯಲ್ಲಿ ಚೀಟಿಯ ದೊಡ್ಡ ಶತ್ರು ತೇವ. ಕರಾವಳಿ ಮತ್ತು ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಬಾಗಿಲೇ ಉಬ್ಬುತ್ತದೆ, ಇನ್ನು ಅಂಟು ಹಚ್ಚಿದ ಕಾಗದದ ಗತಿ ಏನು! ಮಿಂಟ್ ಚೀಟಿಯ ಅಂಟು ತೇವ ಹೀರಿ ಹಾಳೆಗೆ ಹತ್ತಿಕೊಳ್ಳುತ್ತದೆ, ಕಂದು ಚುಕ್ಕೆಗಳು ಏಳುತ್ತವೆ.

ಸ್ಟಾಕ್ ಬುಕ್ಕನ್ನು ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿ ಇಡಿ, ಗಾಳಿ ಆಡಲಿ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಣ್ಣ ಬದಲಾದಾಗ ಬದಲಿಸಿ. ನುಸಿಗುಳಿಗೆ ನೇರವಾಗಿ ಚೀಟಿಗೆ ತಾಗುವಂತೆ ಬೇಡವೇ ಬೇಡ. ಮಳೆಗಾಲ ಮುಗಿದ ಮೇಲೆ ಒಂದು ಒಣ ದಿನ ನೋಡಿ ಪುಟ ಪುಟ ತೆರೆದು ಫ್ಯಾನಿನ ಗಾಳಿಗೆ ಇಡಿ, ಬಿಸಿಲಿಗಲ್ಲ. ಬಿಸಿಲು ಬಿದ್ದರೆ ಆ ಹೊನ್ನಿನ ಛಾಯೆ ಮೊದಲು ಹೋಗುತ್ತದೆ. ಚುಕ್ಕೆ ಬಿದ್ದ ಚೀಟಿಯನ್ನು ಕೂಡಲೇ ಬೇರೆ ಪೌಚಿಗೆ ಹಾಕಿ, ಪಕ್ಕದವಕ್ಕೆ ಹರಡುತ್ತದೆ. ಲಕೋಟೆಗಳಿಗೆ ಪಿವಿಸಿ ಕವರ್ ಬೇಡ. ಅದು ವರ್ಷಗಳಾದ ಮೇಲೆ ಜಿಡ್ಡಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಅಂತ ಕೇಳಿ ಕೊಳ್ಳಿ. ಸೆಲ್ಲೋಟೇಪ್ ಮನೆಯ ಆ ಕೋಣೆಯಲ್ಲೇ ಇರಬಾರದು.

ಹೆಜ್ಜೆ 9: ಒಂದರ ಸುತ್ತ ಸಂಗ್ರಹ ಕಟ್ಟುವುದು

ದಾಸರ ಚೀಟಿ ಕೈಸೇರಿದ ಮೇಲೆ ಸಹಜವಾಗಿ ತ್ಯಾಗರಾಜರ ಕಡೆ ಹೋಗಿ. ಅವರ ಚೀಟಿ 1961ರ ಜನವರಿ 6ರದು. ಅವರು ತೀರಿಕೊಂಡದ್ದು 1847ರ ಜನವರಿ 6ರಂದು, ತಾರೀಖು ನೋಡಿಯೇ ತಂದದ್ದು. ಬೆಲೆ ಅದೇ 15 ನಯಾಪೈಸೆ, ಬಣ್ಣ ಹಸಿರು ಛಾಯೆಯ ನೀಲಿ. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ಪುರಂದರದಾಸರಿಗೆ ನಮಿಸಿದ್ದಾರೆ. ಹಾಗಾಗಿ ಈ ಎರಡು ಚೀಟಿ ಅಕ್ಕಪಕ್ಕ ಇರಬೇಕಾದವು. ಅಂಚೆ ಇಲಾಖೆ ಮೊದಲು ತ್ಯಾಗರಾಜರನ್ನು, ಆಮೇಲೆ ಕರ್ನಾಟಕ ಸಂಗೀತದ ಪಿತಾಮಹ ಅನಿಸಿಕೊಂಡ ದಾಸರನ್ನು ನೆನೆದಿದೆ. ನೀವು ಪುಟದಲ್ಲಿ ದಾಸರನ್ನು ಮೊದಲು ಇಡಿ.

ಮುತ್ತುಸ್ವಾಮಿ ದೀಕ್ಷಿತರ ಚೀಟಿ 1976ರ ಮಾರ್ಚ್ 18ರದು, 25 ಪೈಸೆ. ಶ್ಯಾಮಾ ಶಾಸ್ತ್ರಿಗಳದು 1985ರ ಡಿಸೆಂಬರ್ 21ರದು, 1 ರೂಪಾಯಿ. ತಿರುವಾರೂರಿನಲ್ಲಿ ಹುಟ್ಟಿದ ಮೂವರೂ ಚೀಟಿಗೆ ಬರಲು ಸುಮಾರು 25 ವರ್ಷ ಹಿಡಿಯಿತು. ಅಷ್ಟರಲ್ಲಿ ಬೆಲೆಯೂ 15 ನಯಾಪೈಸೆಯಿಂದ ರೂಪಾಯಿಗೆ ಬಂದಿತ್ತು. ಹಿಂದೂಸ್ತಾನಿ ಕಡೆ ಭಾತಖಂಡೆ 1961ರಲ್ಲಿ, ಪಲುಸ್ಕರ್ 1973ರಲ್ಲಿ, ತಾನ್‌ಸೇನ್ 1986ರಲ್ಲಿ ಬಂದರು. 2014ರ ಸೆಪ್ಟೆಂಬರ್‌ನಲ್ಲಿ ಬಂದ ಸಂಗೀತಗಾರರ ಎಂಟು ಚೀಟಿಗಳಲ್ಲಿ ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ ಇದ್ದಾರೆ. ನಾಲ್ವರೂ ನಮ್ಮ ನೆಲದಲ್ಲಿ ಹುಟ್ಟಿದವರು. ಭೀಮಸೇನ ಜೋಶಿಯವರು ದಾಸರ ಪದಗಳನ್ನು ಮನೆಮನೆಗೆ ಮುಟ್ಟಿಸಿದವರು, ಅವರ ಚೀಟಿ ದಾಸರ ಪುಟದಲ್ಲೇ ಕೂರಲಿ.

ಹೊರದೇಶಗಳತ್ತ ಹೋಗುವವರಿಗೆ ಎರಡು ಸುಳಿವು. ಆಸ್ಟ್ರಿಯಾ 1922ರಲ್ಲೇ ಹೈಡನ್, ಮೊಝಾರ್ಟ್, ಬೀಥೋವನ್, ಶೂಬರ್ಟ್ ಸೇರಿ ಏಳು ಸಂಗೀತಕಾರರ ಸರಣಿ ತಂದಿತ್ತು. ಪೂರ್ವ ಜರ್ಮನಿ 1956ರಲ್ಲಿ ಶೂಮನ್ ಅವರ ಚೀಟಿ ತಂದಾಗ ಹಿನ್ನೆಲೆಯಲ್ಲಿ ಶೂಬರ್ಟ್ ಬರೆದ ಸಂಗೀತದ ಸ್ವರಲಿಪಿ ಅಚ್ಚಾಗಿತ್ತು. ಆಮೇಲೆ ಶೂಮನ್ನರದೇ ಸ್ವರಲಿಪಿ ಹಾಕಿ ಮತ್ತೆ ತಂದರು. ಎರಡೂ ಇಂದಿಗೂ ಸಿಗುತ್ತವೆ. ನಮ್ಮ ದೇಶವೂ 1970ರ ಡಿಸೆಂಬರ್ 16ಕ್ಕೆ ಬೀಥೋವನ್ ಚೀಟಿ ತಂದಿದೆ.

ಹೆಜ್ಜೆ 10: ಪುಟ ಬರೆಯುವುದು

ಪ್ರದರ್ಶನಕ್ಕೆ ಇಡುವುದಾದರೆ ಒಂದು ಫ್ರೇಮ್ ಅಂದರೆ ಎ4 ಅಳತೆಯ 16 ಹಾಳೆ. ಅಷ್ಟು ತುಂಬುವವರೆಗೆ ಕಾಯಬೇಡಿ, ನಾಲ್ಕು ಹಾಳೆಯಿಂದ ಶುರು ಮಾಡಿ.

ಹೆಚ್ಚಿನ ಪುಟಗಳು ಸೋಲುವುದು ಬರಹದಲ್ಲಿ. ‘ಪುರಂದರದಾಸರು ಮಹಾನ್ ಸಂತರು, ಅಸಂಖ್ಯ ಕೀರ್ತನೆ ರಚಿಸಿದರು’ ಅಂತ ಬರೆದರೆ ನೋಡುವವರಿಗೆ ಹೊಸದೇನೂ ಸಿಗುವುದಿಲ್ಲ. ಚೀಟಿಗೆ ಅಂಟಿಕೊಂಡ ಮಾತು ಬರೆಯಿರಿ. ಹೀಗೆ: ‘14 ಜನವರಿ 1964. 15 ನಯಾಪೈಸೆ, ಫೋಟೋಗ್ರಾವ್ಯೂರ್, ನಾಶಿಕ್. ದಾಸರ 400ನೇ ಪುಣ್ಯವರ್ಷ. ಬೆಲೆಯಲ್ಲಿ ನಯಾ ಎಂಬ ಪದ ಇದ್ದ ಕೊನೆಯ ತಿಂಗಳುಗಳ ಚೀಟಿ.’ ಲಕೋಟೆಯ ಕೆಳಗೆ ಹೊರಟ ಊರು, ತಲುಪಿದ ಊರು, ಎರಡರ ದಿನಾಂಕ. ವಿಳಾಸದಲ್ಲಿ ಖಾಸಗಿ ಹೆಸರು ಇದ್ದರೆ ಮನೆಯವರನ್ನು ಕೇಳಿಯೇ ಪ್ರದರ್ಶನಕ್ಕಿಡಿ.

ಸಂಗೀತದ ವಿಷಯಕ್ಕೂ ಒಂದು ಹಾಳೆ ಬೇಕು. ಕರ್ನಾಟಕ ಸಂಗೀತ ಕಲಿಯುವ ಮಗು ಇವತ್ತಿಗೂ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ (ಮೊದಲ ಸ್ವರಪಾಠ) ಶುರು ಮಾಡಿ, ಮಲಹರಿ ರಾಗದ ‘ಲಂಬೋದರ ಲಕುಮಿಕರ’ ಪಿಳ್ಳಾರಿ ಗೀತೆಗೆ ಬರುತ್ತದೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ದಾಸರು ಎಂಬುದು ಪರಂಪರೆಯ ಮಾತು. ಪ್ರವಾಸಿ ಸ್ಥಳಗಳ ಕೆಲವು ಅಂಚೆ ಕಚೇರಿಗಳಲ್ಲಿ ಸದಾ ಬಳಸುವ ಚಿತ್ರ ಮುದ್ರೆ ಇರುತ್ತದೆ. ಹಂಪಿಗೆ ಹೋದಾಗ ಅಲ್ಲಿನ ಕಚೇರಿಯಲ್ಲಿ ಕೇಳಿ ನೋಡಿ.

ಮನೆಯಲ್ಲಿ 6ರಿಂದ 9ನೇ ತರಗತಿಯ ಮಕ್ಕಳಿದ್ದರೆ ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆಯ ಬಗ್ಗೆ ಫಿಲಾಟೆಲಿ ಕೌಂಟರಿನಲ್ಲಿ ವಿಚಾರಿಸಿ. ಅಂಚೆಚೀಟಿ ಹವ್ಯಾಸಕ್ಕೆ ವರ್ಷಕ್ಕೆ 6,000 ರೂಪಾಯಿಯ ವಿದ್ಯಾರ್ಥಿವೇತನ ಅದು. ಶಾಲೆಯ ಫಿಲಾಟೆಲಿ ಕ್ಲಬ್ಬಿನ ಸದಸ್ಯತ್ವ ಅಥವಾ ಫಿಲಾಟೆಲಿ ಠೇವಣಿ ಖಾತೆ ಬೇಕಾಗುತ್ತದೆ. ಖಾತೆ ತೆರೆದರೆ ಹೊಸ ಚೀಟಿಗಳು ತಾವಾಗಿ ಮನೆಗೆ ಬರುತ್ತವೆ.

ಹೆಜ್ಜೆ 11: ಇನ್ನೊಬ್ಬ ವಾಗ್ಗೇಯಕಾರರಿಗೆ (ಹಾಡು ಬರೆದು ರಾಗ ಹಾಕಿದವರಿಗೆ) ಚೀಟಿ ಬೇಕು ಅನಿಸಿದರೆ

ಸಂಗ್ರಹ ಬೆಳೆದ ಹಾಗೆ ‘ಇವರ ಚೀಟಿ ಯಾಕಿಲ್ಲ’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಸುಮ್ನೆ ಬೇಸರ ಪಡುವ ಬದಲು ಅರ್ಜಿ ಹಾಕಿ. ಆದರೆ ಮೊದಲು ಮೂರು ಬೇರೆ ಬೇರೆ ವಸ್ತುಗಳನ್ನು ಬಿಡಿಸಿ ತಿಳಿದುಕೊಳ್ಳಿ. ಪತ್ರಿಕೆಗಳಲ್ಲೂ ಇವನ್ನು ಕಲಸಿ ಬರೆಯುತ್ತಾರೆ.

‘ಮೈ ಸ್ಟ್ಯಾಂಪ್’ ಅಂದರೆ ದುಡ್ಡು ಕೊಟ್ಟು ನಿಮಗೆ ಬೇಕಾದ ಚಿತ್ರ ಹಾಕಿಸಿಕೊಳ್ಳುವ ಶೀಟು. 12 ಚೀಟಿಯ ಶೀಟಿಗೆ 300 ರೂಪಾಯಿ ಎಂಬ ದರದಲ್ಲಿ ಇದು ಪ್ರಸಿದ್ಧವಾಯಿತು. ಮದುವೆಗೂ ಮಾಡಿಸಬಹುದು. ಇದನ್ನು ಸ್ಮರಣಾರ್ಥ ಚೀಟಿ ಅನ್ನಲಾಗದು. ‘ವಿಶೇಷ ಕವರ್’ ಅಂದರೆ ಅಂಚೆ ವೃತ್ತದ ಮಟ್ಟದಲ್ಲಿ ಒಂದು ದಿನದ ವಿಶೇಷ ಮುದ್ರೆಯ ಜೊತೆ ಬರುವ ಲಕೋಟೆ. ಸಂಘ ಸಂಸ್ಥೆಗಳು ಪ್ರಾಯೋಜಿಸಿ, ಮುಖ್ಯ ಪೋಸ್ಟ್‌ಮಾಸ್ಟರ್ ಜನರಲ್ ಕಚೇರಿಗೆ ಅರ್ಜಿ ಕೊಟ್ಟು ಮಾಡಿಸಬಹುದು. ಊರಿನ ಸಂಗೀತ ಸಭೆಗೆ ಇದು ಕೈಗೆಟುಕುವ ಕೆಲಸ. ನಿಜವಾದ ‘ಸ್ಮರಣಾರ್ಥ ಚೀಟಿ’ಯ ತೀರ್ಮಾನ ದೆಹಲಿಯಲ್ಲಿ, ಫಿಲಾಟೆಲಿ ಸಲಹಾ ಸಮಿತಿಯ ಮುಂದೆ ಆಗುತ್ತದೆ.

ಚೀಟಿಯ ಅರ್ಜಿಗೆ ಇಲಾಖೆಯ ಮಾರ್ಗಸೂಚಿಯ ಮುಖ್ಯ ಅಂಶಗಳು ಇವು: ಬದುಕಿರುವ ವ್ಯಕ್ತಿಗಳ ಚೀಟಿ ಸಾಮಾನ್ಯವಾಗಿ ತರುವುದಿಲ್ಲ. ತೀರಿಕೊಂಡು ಹತ್ತು ವರ್ಷ ಆಗಿರಬೇಕು. ಜನ್ಮಶತಮಾನ, ಪುಣ್ಯತಿಥಿಯ ಶತಮಾನದಂಥ ಸಂದರ್ಭಕ್ಕೆ ಆದ್ಯತೆ. ಅರ್ಜಿ ಎರಡು ವರ್ಷ ಮೊದಲೇ ತಲುಪಿರಬೇಕು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಶತಮಾನೋತ್ಸವದ ವರ್ಷ ಬಂದ ಮೇಲೆ ಪತ್ರ ಬರೆದರೆ ತಡವಾಯಿತು.

ಅರ್ಜಿಯಲ್ಲಿ ಹೊಗಳಿಕೆ ಕಡಿಮೆ, ಆಧಾರ ಜಾಸ್ತಿ ಇರಲಿ. ಹುಟ್ಟಿದ ಮತ್ತು ತೀರಿಕೊಂಡ ದಿನಾಂಕಕ್ಕೆ ದಾಖಲೆ, ಅಂಕಿತ, ಇಂದಿಗೂ ಹಾಡುತ್ತಿರುವ ಕೃತಿಗಳ ಪಟ್ಟಿ, ಕರ್ನಾಟಕದ ಹೊರಗೂ ಅವರನ್ನು ಹಾಡುತ್ತಾರೆ ಎನ್ನುವುದಕ್ಕೆ ಕಛೇರಿಗಳ ಆಹ್ವಾನಪತ್ರಿಕೆ, ಸ್ಪಷ್ಟವಾದ ಒಂದು ಭಾವಚಿತ್ರ ಇಷ್ಟನ್ನು ಲಗತ್ತಿಸಿ. ಭಾವಚಿತ್ರ ಬಳಸಲು ಅನುಮತಿ ಯಾರದು ಬೇಕು ಅಂತ ಮೊದಲೇ ನೋಡಿಕೊಳ್ಳಿ. ಅರ್ಜಿಯನ್ನು ಒಬ್ಬರ ಹೆಸರಿನಲ್ಲಿ ಕಳಿಸುವ ಬದಲು ಸಂಗೀತ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ, ಸ್ಪೀಡ್ ಪೋಸ್ಟಿನ ರಸೀದಿಯನ್ನು ಆ ಪ್ರತಿಗೇ ಪಿನ್ ಮಾಡಿ. ಆರು ತಿಂಗಳಿಗೊಮ್ಮೆ ಅರ್ಜಿಯ ದಿನಾಂಕ ಬರೆದು ಒಂದು ನೆನಪಿನ ಪತ್ರ ಹಾಕುತ್ತಿರಿ.